ಎರಡೂಕಾಲು ಎಂದರೆ ಎರಡೂ ಕಾಲಲ್ಲ

ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಟೋಕಿಯೊ ನಗರದ ಪೂರ್ವ ಭಾಗದ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸತ್ಯಭಾಮಾ ತಮ್ಮ ತಳ್ಳುಗಾಡಿಯನ್ನು ಅಣಿ ಮಾಡಿಕೊಳ್ಳುತ್ತಿದ್ದಾರೆ. ಗುಲಾಬಿ ಬಟ್ಟೆ ಶೌಚಾಲಯಕ್ಕೆ, ನೀಲಿ ಬಟ್ಟೆ ವಾರ್ಡಿಗೆ, ಹಳದಿಯದು ಕೈತೊಳೆಯುವ ಬೇಸಿನ್ನಿಗೆ. ಒಂದರದು ಇನ್ನೊಂದಕ್ಕೆ ತಾಗುವಂತಿಲ್ಲ. ಒಟ್ಟು ನಲವತ್ತೆರಡು ಬಟ್ಟೆ. ಎಣಿಸುವಾಗ ಮಾಸ್ಕಿನೊಳಗೆ ಅವರ ತುಟಿ ಅಲುಗುವುದು ಕಾಣುತ್ತದೆ.

"ಎಣಿಸೋದು ಮಾತ್ರ ಕನ್ನಡದಲ್ಲೇ," ಎನ್ನುತ್ತಾರೆ. "ಈ ದೇಶಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಜಪಾನೀಸಲ್ಲಿ ಜಗಳ ಆಡು ಅಂದ್ರೆ ಆಡ್ತೀನಿ. ಲೆಕ್ಕ ಮಾಡು ಅಂದ್ರೆ ಬಾಯಿಗೆ ಕನ್ನಡಾನೇ ಬರುತ್ತೆ."

ಆರು ಗಂಟೆಗೆ ಸರಿಯಾಗಿ ಲಿಫ್ಟಿನ ಬಾಗಿಲು ತೆರೆಯುತ್ತದೆ. ಹೊರರೋಗಿ ವಿಭಾಗದ ಉದ್ದನೆಯ ಓಣಿಯಲ್ಲಿ ಇನ್ನೂ ಯಾರೂ ಇಲ್ಲ. ಗೋಡೆಯುದ್ದಕ್ಕೂ ಓಡುವ ಕೈಹಿಡಿಯನ್ನು ಅವರು ಎಡಗೈಯಲ್ಲಿ ಒರೆಸುತ್ತಾ, ಬಲಗೈಯಲ್ಲಿ ಗಾಡಿ ಎಳೆಯುತ್ತಾ ನಡೆಯುತ್ತಾರೆ. ದಿನಕ್ಕೆ ಹದಿನಾಲ್ಕು ಬೇಸಿನ್, ಒಂಬತ್ತು ಶೌಚಾಲಯ, ನೂರಾ ಹದಿನೆಂಟು ಬಾಗಿಲ ಹಿಡಿಕೆ. ಫೋನು ಹೇಳುವ ಲೆಕ್ಕದಲ್ಲಿ ಹದಿಮೂರು ಸಾವಿರ ಹೆಜ್ಜೆ. ಹನ್ನೊಂದೂವರೆಗೆ ಕೆಲಸ ಮುಗಿಯಬೇಕು, ಮುಗಿಯುತ್ತದೆ. ಗಂಡನ ವೀಸಾದ ಆಸರೆಯಲ್ಲಿ ಇರುವವರು ಅನುಮತಿ ಪಡೆದು ವಾರಕ್ಕೆ ಇಪ್ಪತ್ತೆಂಟು ಗಂಟೆ ಮಾತ್ರ ದುಡಿಯಬಹುದು. ಇವರದು ಇಪ್ಪತ್ತೇಳೂವರೆ.

ಈ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ ಎಂಬ ಷರತ್ತಿನ ಮೇಲೆ ನನಗೆ ಅವರ ಹಿಂದೆ ಒಂದು ಬೆಳಗ್ಗೆ ಸುತ್ತಲು ಅನುಮತಿ ಸಿಕ್ಕಿದೆ. ತಲೆಗೊಂದು ಟೋಪಿ ಕೊಟ್ಟು, ಏನನ್ನೂ ಮುಟ್ಟಬೇಡಿ ಎಂದಿದ್ದಾರೆ. ನಾನು ಬಂದಿರುವುದು ನೆಲ ಒರೆಸುವುದನ್ನು ನೋಡಲಿಕ್ಕಷ್ಟೇ ಅಲ್ಲ. ಇದೇ ನಗರದ ಓಜಿಮಾ ಬಡಾವಣೆಯ ಕನ್ನಡ ಮಕ್ಕಳಿಗೆ ಈಕೆ ಗಂಟೆ ಹೇಳುವುದನ್ನು ಕಲಿಸುತ್ತಾರೆ ಎಂದು ಕೇಳಿದ್ದೆ. ಗಂಟೆ ಹೇಳುವುದು ಅಂದರೆ ಎಷ್ಟರ ಮಾತು, ಅದಕ್ಕೊಂದು ತರಗತಿಯೇ ಬೇಕೇ ಎಂಬ ಕುತೂಹಲ ನನ್ನದು. ಬೇಕಾಗಿ ಬಂದ ಕಥೆ ಈ ಆಸ್ಪತ್ರೆಯಲ್ಲೇ ಶುರುವಾಯಿತು.

ಸತ್ಯಭಾಮಾ ಅವರಿಗೆ ಈಗ ನಲವತ್ತಾರು. ಹುಟ್ಟಿದ್ದು ಹುಣಸೂರಿನಲ್ಲಿ. ಮೈಸೂರಿನ ಒಂದು ಶಾಲೆಯಲ್ಲಿ ಹನ್ನೊಂದು ವರ್ಷ ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸಿದವರು. ಪತಿ ರಾಮಪ್ರಸಾದ ಅವರನ್ನು ಕಂಪನಿ ಶಿನಾಗಾವಾದ ಕಚೇರಿಗೆ ಕಳಿಸಿದಾಗ ಮಗಳು ಕೃತಿಗೆ ಐದು ವರ್ಷ. ಓಜಿಮಾದ ವಸತಿ ಸಮುಚ್ಚಯದ ಆರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಸುತ್ತ ಭಾರತದವರೇ, ದೋಸೆ ಹಿಟ್ಟು ಎಲ್ಲಿ ಸಿಗುತ್ತದೆ, ಯಾವ ಕೊಂಬಿನಿ ಅಂಗಡಿಯಲ್ಲಿ ಮೊಟ್ಟೆಯಿಲ್ಲದ ಬ್ರೆಡ್ ಇದೆ ಎಂದು ಹೇಳಿಕೊಡಲು ಹತ್ತು ಜನ ಇದ್ದರು. ಮಾಡಲು ಕೆಲಸ ಮಾತ್ರ ಇರಲಿಲ್ಲ.

"ಎರಡು ವರ್ಷ ಕಿಟಕೀಲಿ ರೈಲು ನೋಡಿದ್ದೇ ಆಯ್ತು," ಎಂದು ನೆನೆಯುತ್ತಾರೆ. "ಆಮೇಲೆ ವಾರ್ಡ್ ಆಫೀಸಲ್ಲಿ ಒಂದು ನೋಟಿಸ್ ನೋಡ್ದೆ. ಆಸ್ಪತ್ರೆ ಕ್ಲೀನಿಂಗ್. ಮಾತಾಡೋ ಅಗತ್ಯ ಕಡಿಮೆ ಅಂತ ಬರೆದಿತ್ತು. ಹನ್ನೊಂದು ವರ್ಷ ಮಾತಾಡೋದೇ ನನ್ನ ಕೆಲಸ ಆಗಿತ್ತಲ್ವಾ, ಅದನ್ನ ಓದಿ ಅಲ್ಲೇ ನಕ್ಬಿಟ್ಟೆ. ಮನೆಗೆ ಬಂದು ಅತ್ತೆ. ಮಾರನೇ ದಿನ ಹೋಗಿ ಅರ್ಜಿ ಹಾಕ್ದೆ."

ಕೆಲಸ ಸಿಕ್ಕಿದ್ದನ್ನು ಮನೆಯವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ರಾಮಪ್ರಸಾದ ಅಂದದ್ದು ಇಷ್ಟು: "ನನಗೇನೂ ನಾಚಿಕೆ ಇಲ್ಲ ಭಾಮಾ. ಆದ್ರೆ ಹೇಳ್ಕೊಂಡು ತಿರುಗೋದೂ ಬೇಡ." ಯಾರಾದರೂ ಕೇಳಿದರೆ ಆಸ್ಪತ್ರೆಯಲ್ಲಿ ಅಡ್ಮಿನ್ ಕಡೆ ಪಾರ್ಟ್‌ಟೈಮ್ ಎನ್ನುತ್ತಿದ್ದರು. ಸಮುಚ್ಚಯದ ಹೆಂಗಸರಲ್ಲಿ ಕೆಲವರು ಮನೆಯಿಂದಲೇ ಕಂಪನಿಗಳಿಗೆ ದುಡಿಯುವವರು, ಕೆಲವರು ಇಂಗ್ಲಿಷ್ ಪಾಠ ಹೇಳುವವರು. ಇಂಜಿನಿಯರನ ಹೆಂಡತಿ ಶೌಚಾಲಯ ತೊಳೆಯುತ್ತಾಳೆ ಎಂಬ ಮಾತು ಆ ಗುಂಪಿನಲ್ಲಿ ಹೇಗೆ ಹೊರಳಾಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಟೋಪಿ, ಮಾಸ್ಕು, ನೀಲಿ ಅಂಗಿ ಹಾಕಿಕೊಂಡರೆ ಕಾಣುವುದು ಎರಡು ಕಣ್ಣು ಮಾತ್ರ. ಆರು ವರ್ಷ ಹೀಗೇ ನಡೆಯಿತು. ಒಂದೆರಡು ಸಲ ಪರಿಚಯದವರು ಜ್ವರಕ್ಕೆ ಮಾತ್ರೆ ಬರೆಸಿಕೊಳ್ಳಲು ಬಂದು, ಇವರು ಒರೆಸಿದ ನೆಲದ ಮೇಲೆ ಇವರನ್ನು ದಾಟಿಯೇ ಹೋದರು.

ಕಳೆದ ಅಕ್ಟೋಬರಿನ ಒಂದು ಶನಿವಾರ. ಸಹೋದ್ಯೋಗಿಯೊಬ್ಬರ ಮಗಳ ಮದುವೆಯಿದ್ದ ಕಾರಣ ಸತ್ಯಭಾಮಾ ತಮ್ಮ ಶುಕ್ರವಾರದ ಪಾಳಿ ಬಿಟ್ಟು, ಅವರ ಬದಲಿಗೆ ಶನಿವಾರ ಮಧ್ಯಾಹ್ನದ ಪಾಳಿಗೆ ಬಂದಿದ್ದರು. ಸಂಜೆ ಐದರ ಸುಮಾರಿಗೆ ತುರ್ತು ವಿಭಾಗದಿಂದ ಕರೆ ಬಂತು. ಯಾರೋ ವಾಂತಿ ಮಾಡಿಕೊಂಡಿದ್ದಾರೆ, ಬನ್ನಿ ಎಂದು. ಅವರು ಬಕೆಟ್ ಹಿಡಿದು ಹೋಗಿ ನೆಲಕ್ಕೆ ಬಾಗಿದರು. ಪಕ್ಕದ ಪರದೆಯ ಆಚೆಯಿಂದ ಒಂದು ಮುದಿ ದನಿ ಕೇಳಿಸಿತು.

"ಎರಡೂಕಾಲು... ಎರಡೂಕಾಲು..."

"ಆಸ್ಪತ್ರೇಲಿ ಕನ್ನಡ ಕಿವಿಗೆ ಬಿದ್ದದ್ದು ಆರು ವರ್ಷದಲ್ಲಿ ಅದೇ ಮೂರನೇ ಸಲವೋ ನಾಲ್ಕನೇ ಸಲವೋ," ಎನ್ನುತ್ತಾರೆ ಸತ್ಯಭಾಮಾ. "ನಾಲಿಗೆ ದಪ್ಪ ಆದೋರ ಥರ ಇತ್ತು ಮಾತು. ಹಿಂದೇನೇ ಒಂದು ಮಗು ಜಪಾನೀಸಲ್ಲಿ ಹೇಳ್ತು, ರ್ಯೋಆಶಿ, ರ್ಯೋಆಶಿ ಅಂತ. ಹಾಗಂದ್ರೆ ಎರಡೂ ಕಾಲು."

ಪರದೆಯಾಚೆ ಇದ್ದವರು ಕಾತ್ಯಾಯಿನಿ, ಅರವತ್ತೊಂಬತ್ತು ವರ್ಷ. ಮೈಸೂರಿನಲ್ಲಿ ಮಗಳ ಜೊತೆ ಇರುವವರು, ಓಜಿಮಾದಲ್ಲಿರುವ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಮಗ ಸಂದೀಪ ಕೆಲಸದ ಮೇಲೆ ಒಸಾಕಾಕ್ಕೆ ಹೋಗಿದ್ದರು. ಸೊಸೆ ಸ್ಪಂದನಾ ಊಟ ಬಡಿಸಿ, ಹನ್ನೆರಡಕ್ಕೆ ಯೋಕೋಹಾಮಾಕ್ಕೆ ಹೊರಟಿದ್ದರು. ಮನೆಯಲ್ಲಿ ಉಳಿದವರು ಅಜ್ಜಿ ಮತ್ತು ಏಳು ವರ್ಷದ ಮೊಮ್ಮಗಳು ಅಮೂಲ್ಯ. ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟ್ಯಾಬ್ಲೆಟ್ ನೋಡುತ್ತಿದ್ದಳು. ಹಸಿವಾಗಿ ಒಳಗೆ ಹೋದಾಗ ಅಜ್ಜಿ ಹಾಸಿಗೆಯಲ್ಲಿದ್ದರು, ಬಾಯಿ ಒಂದು ಕಡೆ ವಾಲಿತ್ತು, ಬಲಗೈ ಜೋತುಬಿದ್ದಿತ್ತು. ಅವಳು ಓಡಿಹೋಗಿ ಕೆಳಗಿನ ಮನೆಯ ಮೊರಿತಾ-ಸಾನ್ ಬಾಗಿಲು ಬಡಿದಳು. ಎಪ್ಪತ್ತನಾಲ್ಕು ವರ್ಷದ ಆ ನಿವೃತ್ತ ಭೂಗೋಳ ಮೇಡಂ ಆಂಬುಲೆನ್ಸ್ ಕರೆಸಿ, ಮಗುವಿನ ಕೈ ಹಿಡಿದು ತಾವೂ ಹತ್ತಿದರು.

ವೈದ್ಯರಿಗೆ ಆಗ ಎಲ್ಲಕ್ಕಿಂತ ಮುಖ್ಯವಾಗಿ ಬೇಕಿದ್ದದ್ದು ಒಂದು ಹೊತ್ತು. ಮೆದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಂಡಾಗ ಆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೈ ಸೋತದ್ದು ಯಾವಾಗ ಎಂದು ತಿಳಿಯದಿದ್ದರೆ, ರೋಗಿ ಚೆನ್ನಾಗಿದ್ದದ್ದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ ಲೆಕ್ಕ ಹಾಕುತ್ತಾರೆ. ಮಗುವಿಗೆ ಹೊತ್ತಿನ ನೆನಪಿರಲಿಲ್ಲ. ರೈಲಿನಲ್ಲಿದ್ದ ಸ್ಪಂದನಾ ಫೋನಿನಲ್ಲಿ, "ನಾನು ಹನ್ನೆರಡಕ್ಕೆ ಹೊರಟಾಗ ಚೆನ್ನಾಗೇ ಇದ್ರು," ಎಂದಿದ್ದರು. ಹನ್ನೆರಡರಿಂದ ಎಣಿಸಿದರೆ ನಾಲ್ಕೂವರೆ ಗಂಟೆ ಆಗಲೇ ಮುಗಿದಿತ್ತು. ಅಜ್ಜಿ ತಮ್ಮಿಂದಾದಷ್ಟು ಹೇಳುತ್ತಲೇ ಇದ್ದರು. ಮೊಮ್ಮಗಳು ತನಗೆ ತಿಳಿದಷ್ಟು ಅನುವಾದ ಮಾಡುತ್ತಲೇ ಇದ್ದಳು. ಅಜ್ಜಿಗೆ ಮಂಡಿನೋವು ಇದ್ದದ್ದು ಅವಳಿಗೆ ಗೊತ್ತಿತ್ತು. ವೈದ್ಯರು ಏನಾಯಿತು ಎಂದರೆ ಎರಡೂ ಕಾಲು ಎಂದೇ ಅಜ್ಜಿ ಹೇಳುತ್ತಿದ್ದಾರೆ ಎಂದು ಅವಳು ನಂಬಿದ್ದಳು. ನರ್ಸ್ ಹೊದಿಕೆ ಸರಿಸಿ ಕಾಲುಗಳನ್ನು ಒತ್ತಿ ನೋಡುತ್ತಿದ್ದರು.

ಶುಚಿಗೊಳಿಸುವವರು ರೋಗಿಗಳ ಜೊತೆ ಮಾತಾಡಬಾರದು ಎಂಬುದು ಅವರ ಕಂಪನಿಯ ನಿಯಮ. ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು. ಸತ್ಯಭಾಮಾಗೆ ಇನ್ನೊಂದೂ ಗೊತ್ತಿತ್ತು. ಆ ಮಗುವಿನ ದನಿಯ ಗುರುತು ಸಿಕ್ಕಿತ್ತು. ಅಮೂಲ್ಯ ಅವರದೇ ಸಮುಚ್ಚಯದವಳು. ಅವಳ ತಾಯಿ ಸ್ಪಂದನಾ, ಯಾವ ಹಬ್ಬಕ್ಕೆ ಯಾರು ಏನು ತರಬೇಕು ಎಂದು ಎಲ್ಲರಿಗೂ ಸಂದೇಶ ಕಳಿಸುವಾಕೆ. ಪರದೆ ಸರಿಸಿದರೆ ಆರು ವರ್ಷ ಮುಚ್ಚಿಟ್ಟದ್ದೂ ಸರಿದುಹೋಗುತ್ತದೆ.

"ಯೋಚಿಸಿದ್ರಾ?" ಎಂದು ಕೇಳುತ್ತೇನೆ.

"ಯೋಚಿಸ್ದೆ. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನೆಲ ನೋಡ್ಕೊಂಡು ನಿಂತೇ ಇದ್ದೆ. ಅಷ್ಟರಲ್ಲಿ ಆಯಮ್ಮ ಮತ್ತೆ ಹೇಳಿದ್ರು."

ಕೈಗವಸು ಕಳಚಿ ಬಕೆಟ್ಟಿನ ಅಂಚಿಗೆ ಹಾಕಿ, "ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತಾ ಅವರು ಪರದೆ ಸರಿಸಿದರು. ಮಾಸ್ಕ್ ಕೆಳಗೆ ಎಳೆದು ಅಜ್ಜಿಯ ಮುಖಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಕೇಳಿದರು: "ಅಮ್ಮಾ, ಕಾಲು ನೋಯ್ತಿದ್ಯಾ? ಇಲ್ಲಾ ಗಂಟೆ ಹೇಳ್ತಿದ್ದೀರಾ?"

ಅಜ್ಜಿಯ ಕಣ್ಣುಗಳು ಅಗಲವಾದವು. "ಗಂಟೆ," ಎಂದರು. "ಲೋಟ... ಬಿತ್ತು. ಎರಡೂಕಾಲು."

ಸತ್ಯಭಾಮಾ ವೈದ್ಯರ ಕಡೆ ತಿರುಗಿ ಜಪಾನಿಯಲ್ಲಿ ಹೇಳಿದರು, ಇದು ಕಾಲಲ್ಲ, ಹೊತ್ತು. ಎರಡು ಗಂಟೆ ಹದಿನೈದು ನಿಮಿಷಕ್ಕೆ ಇವರ ಕೈಯಿಂದ ಲೋಟ ಬಿದ್ದಿದೆ. ತರುಣ ವೈದ್ಯರು ಇವರನ್ನೊಮ್ಮೆ, ಬಕೆಟ್ಟನ್ನೊಮ್ಮೆ ನೋಡಿದರು. ಆಮೇಲೆ ಅಜ್ಜಿಯ ಮಣಿಕಟ್ಟು ಎತ್ತಿ ತೋರಿಸಿದರು. ಅಲ್ಲಿದ್ದ ಗಡಿಯಾರದಲ್ಲಿ ಒಂದು ಗಂಟೆ ನಲವತ್ತು ನಿಮಿಷ. ಆಸ್ಪತ್ರೆಯ ಗೋಡೆಯಲ್ಲಿ ಐದು ಗಂಟೆ ಹತ್ತು ನಿಮಿಷ. ಇವರ ಗಡಿಯಾರವೇ ಸರಿಯಿಲ್ಲವಲ್ಲ, ಇವರು ಹೇಳುವ ಹೊತ್ತನ್ನು ಹೇಗೆ ನಂಬಲಿ ಎಂದು ಅವರ ಪ್ರಶ್ನೆ.

ಓಜಿಮಾದಲ್ಲಿ ಇದ್ದವರಿಗೆ ಇದು ಹೊಸದಲ್ಲ. ಊರಿಂದ ಬರುವ ಅಜ್ಜಿ ತಾತಂದಿರಲ್ಲಿ ಅನೇಕರು ಕೈಗಡಿಯಾರವನ್ನು ಮುಟ್ಟುವುದಿಲ್ಲ. ಅದು ಭಾರತದ ಹೊತ್ತನ್ನೇ ತೋರಿಸುತ್ತಿರುತ್ತದೆ. ಮೈಸೂರಿನಲ್ಲಿ ಮಗಳು ಈಗ ಅಡುಗೆಗೆ ಇಟ್ಟಳೋ, ಮೊಮ್ಮಗ ಶಾಲೆಯಿಂದ ಬಂದನೋ ಎಂದು ತಿಳಿಯಬೇಕಲ್ಲ. ಸತ್ಯಭಾಮಾ ಬೆರಳು ಮಡಿಸಿ ಲೆಕ್ಕ ಹೇಳಿದರು. ಇದು ಇಂಡಿಯಾದ ಹೊತ್ತು, ಮೂರೂವರೆ ಗಂಟೆ ಹಿಂದೆ. ಈ ಗಡಿಯಾರದ ಪ್ರಕಾರ ಎರಡೂಕಾಲು ಇನ್ನೂ ಆಗಿಯೇ ಇಲ್ಲ. ಹಾಗಾದರೆ ಅವರು ನೋಡಿದ್ದು ಮನೆಯ ಗೋಡೆಯ ಗಡಿಯಾರವನ್ನೇ ಇರಬೇಕು. ಖಾತ್ರಿಗೆಂದು ಅಜ್ಜಿಯನ್ನೂ ಕೇಳಿದರು: "ಅಮ್ಮಾ, ಯಾವ ಗಡಿಯಾರ ನೋಡಿದ್ರಿ? ಕೈದಾ, ಗೋಡೇದಾ?"

"ಗೋಡೆ," ಎಂದರು ಅಜ್ಜಿ.

ಎರಡೂಕಾಲಿಗೆ ನಾಲ್ಕೂವರೆ ಸೇರಿಸಿದರೆ ಆರೂಮುಕ್ಕಾಲು. ಇನ್ನೂ ಒಂದೂವರೆ ಗಂಟೆ ಉಳಿದಿತ್ತು. ವೈದ್ಯರು ಸ್ಕ್ಯಾನಿಗೆ ಓಡಿಸಿದರು. ಸತ್ಯಭಾಮಾ ಸ್ಕ್ಯಾನ್ ಕೋಣೆಯ ಬಾಗಿಲವರೆಗೆ ಅಜ್ಜಿಯ ಎಡಗೈ ಹಿಡಿದು ನಡೆದರು. ಯಾವ ಔಷಧಿಗೆ ಅಲರ್ಜಿ, ಬಿಪಿ ಮಾತ್ರೆ ಯಾವುದು ಎಂಬ ಪ್ರಶ್ನೆಗಳನ್ನು ಕನ್ನಡಕ್ಕೆ ತಂದರು. ಸ್ಪಂದನಾ ಓಡುತ್ತಾ ಬಂದಾಗ ಐದೂಮುಕ್ಕಾಲು. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿ ತಲೆ ಎತ್ತಿದವರು, ನೀಲಿ ಅಂಗಿಯಲ್ಲಿ ನಿಂತಿದ್ದವರನ್ನು ಕಂಡು, "ಭಾಮಕ್ಕಾ? ನೀವಿಲ್ಲಿ...?" ಎಂದು ಅಷ್ಟಕ್ಕೇ ನಿಲ್ಲಿಸಿದರು.

"ನಾನಿಲ್ಲಿ ಕ್ಲೀನಿಂಗ್ ಮಾಡ್ತೀನಿ ಸ್ಪಂದನಾ," ಎಂದರು ಸತ್ಯಭಾಮಾ. ಆಮೇಲೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ನೆಲ ಒರೆಸಿ ಮುಗಿಸಿದರು.

ಆರಕ್ಕೆ ಐದು ನಿಮಿಷ ಇರುವಾಗ ಔಷಧಿ ಒಳಗೆ ಹೋಯಿತು. ಅದು ಎಲ್ಲರಿಗೂ ಫಲಿಸುವುದಿಲ್ಲ. ಕಾತ್ಯಾಯಿನಿಯವರಿಗೆ ಬಹುಪಾಲು ಫಲಿಸಿತು. ಮೂರನೇ ದಿನ ಬಲಗೈ ಬೆರಳು ಆಡಿತು. ಜನವರಿಯಲ್ಲಿ ಮಗನ ಜೊತೆ ವಿಮಾನ ಹತ್ತಿದಾಗ ಕೋಲೂರಿ ನಡೆಯುತ್ತಿದ್ದರು. ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿ ತಾವೇ ಕಾಫಿ ಲೋಟ ಹಿಡಿದು ಕುಡಿಯುತ್ತಾರೆ.

ಸತ್ಯಭಾಮಾಗೆ ಮಾತ್ರ ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಸೋಮವಾರ ಮೇಲ್ವಿಚಾರಕರು ಕರೆದು ನಡೆದದ್ದನ್ನು ಬರೆದುಕೊಡಲು ಹೇಳಿದರು. ನಿಯಮ ಮುರಿದವರು ಬರೆಯಬೇಕಾದ ಕಾಗದ ಅದು. ಮಗಳು ಕೃತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಪಾನಿಯಲ್ಲಿ ಒಂದೂವರೆ ಪುಟ ಬರೆದರು. ಮೇಲ್ವಿಚಾರಕರು ಓದಿ, ಮೊಹರು ಒತ್ತಿ, ಮುಂದಿನ ಸಲ ಮೊದಲು ನರ್ಸನ್ನು ಕರೆಯಿರಿ ಎಂದರು. ಬೈಯಲಿಲ್ಲ, ಹೊಗಳಲೂ ಇಲ್ಲ.

ಸಮುಚ್ಚಯದ ವಾಟ್ಸಾಪ್ ಗುಂಪಿನಲ್ಲಿ ಸ್ಪಂದನಾ ನಡೆದದ್ದನ್ನೆಲ್ಲ ಬರೆದು ಕೃತಜ್ಞತೆ ಹೇಳಿದ್ದರು. ಕೆಳಗೆ ಸಾಲಾಗಿ ಮುಗಿದ ಕೈಗಳ ಚಿತ್ರಗಳು. "ಅದರ ಮಧ್ಯೆ ಒಬ್ಬರು, ಕ್ಲೀನಿಂಗಾ? ಅಂತ ಹಾಕಿದ್ರು. ಒಂದೇ ಪದ. ಆಮೇಲೆ ಡಿಲೀಟ್ ಮಾಡಿದ್ರು. ನಾನು ಅಷ್ಟರೊಳಗೆ ನೋಡಿಬಿಟ್ಟಿದ್ದೆ," ಎನ್ನುತ್ತಾರೆ. ಆ ವರ್ಷ ದೀಪಾವಳಿಯ ಸಾಮೂಹಿಕ ಊಟಕ್ಕೆ ಅವರು ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ರಾಮಪ್ರಸಾದ ಒಬ್ಬರೇ ಹೋಗಿ ಬೇಗ ಹಿಂತಿರುಗಿದರು. ಅಲ್ಲಿ ಏನಾಯಿತು ಎಂದು ಅವರನ್ನೇ ಕೇಳಿದೆ.

"ಏನಿಲ್ಲ ಸಾರ್. ಯಾರೋ ಕೇಳಿದ್ರು, ಮೇಡಂ ಅಡ್ಮಿನ್‌ನಲ್ಲಿ ಇದ್ರಲ್ವಾ ಅಂತ. ಇಲ್ಲ, ಅವಳು ಅಲ್ಲಿ ನೆಲ ಒರೆಸ್ತಾಳೆ, ನನಗಿಂತ ಅರ್ಜೆಂಟ್ ಕೆಲಸ ಅದು ಅಂದೆ. ಆರು ವರ್ಷ ಹೇಳ್ಬೇಡ ಅಂತ ಅವಳ ಬಾಯಿ ಮುಚ್ಚಿಸಿದೋನು ನಾನು. ಅವತ್ತು ನಾನೇ ಹೇಳ್ಬೇಕಿತ್ತು."

ಹಬ್ಬ ಕಳೆದ ವಾರ ಸ್ಪಂದನಾ ಮಗಳನ್ನು ಕರೆದುಕೊಂಡು ಸತ್ಯಭಾಮಾ ಮನೆಗೆ ಬಂದರು. ಥ್ಯಾಂಕ್ಸ್ ಹೇಳಲು ಇರಬೇಕು ಎಂದುಕೊಂಡು ಇವರು ಕಾಫಿಗೆ ಇಟ್ಟರು. ಆದರೆ ಸ್ಪಂದನಾ ಬಂದ ಕಾರಣ ಬೇರೆ.

"ಭಾಮಕ್ಕ, ಇವಳು ಕನ್ನಡ ಆಡೋದೇ ಬಿಟ್ಬಿಟ್ಟಿದಾಳೆ. ಮೂರು ವಾರ ಆಯ್ತು. ಅಜ್ಜಿ ನೋಡೋಕೆ ಕರ್ಕೊಂಡು ಹೋದ್ರೆ ಬಾಗಿಲ ಹತ್ರಾನೇ ನಿಂತ್ಕೋತಾಳೆ. ಕೇಳಿದ್ರೆ ನಾನು ತಪ್ಪು ಹೇಳ್ದೆ ಅಂತ ಜಪಾನೀಸಲ್ಲಿ ಅಳ್ತಾಳೆ."

ಅಮೂಲ್ಯ ಶೂ ಬಿಡುವ ಜಾಗದಲ್ಲೇ ನಿಂತಿದ್ದಳು. ಸತ್ಯಭಾಮಾ ಒಳಗಿನಿಂದ ತಟ್ಟೆಯಲ್ಲಿ ಒಂದು ಚಪಾತಿ ತಂದು ಅವಳ ಮುಂದೆ ಕುಳಿತರು. ಎರಡಾಗಿ ಹರಿದರು. ಮತ್ತೆ ಎರಡಾಗಿ ಹರಿದರು. ಒಂದು ತುಂಡು ಎತ್ತಿ, "ಇದು ಕಾಲು," ಎಂದರು. ಎರಡು ಜೋಡಿಸಿ, "ಇದು ಅರ್ಧ." ಮೂರು ಜೋಡಿಸಿ, "ಮುಕ್ಕಾಲು." ಆಮೇಲೆ ತಮ್ಮ ಪಾದ ಮುಂದೆ ಚಾಚಿ, "ಇದೂ ಕಾಲು."

ಹುಡುಗಿ ಚಪಾತಿಯನ್ನೂ ಪಾದವನ್ನೂ ನೋಡಿದಳು.

"ಪುಟ್ಟಿ, ಹಾಶಿ ಅಂದ್ರೆ ಏನು ಹೇಳು?"

"ಬ್ರಿಡ್ಜ್," ಎಂದಳು ಅಮೂಲ್ಯ, ಸಣ್ಣ ದನಿಯಲ್ಲಿ.

"ಊಟ ಮಾಡೋ ಕಡ್ಡಿಗೆ ಏನಂತೀಯ?"

"ಹಾಶಿ."

"ಯಾರಾದ್ರೂ ಹಾಶಿ ತಾ ಅಂದ್ರೆ ಬ್ರಿಡ್ಜ್ ಎತ್ಕೊಂಡು ಬರ್ತೀಯಾ? ಹಾಗೇ ಇದೂ. ನೀನು ತಪ್ಪು ಹೇಳ್ಲಿಲ್ಲ ಕಣೇ. ನೀನು ಹೇಳಿದ್ದು ಸರಿಯಾಗೇ ಇತ್ತು. ಈ ಚಪಾತಿ ಕಾಲನ್ನ ನಿನಗೆ ಯಾರೂ ಹೇಳ್ಕೊಟ್ಟೇ ಇರ್ಲಿಲ್ಲ. ನೀನು ಓಡಿಹೋಗಿ ಮೊರಿತಾ-ಸಾನ್‌ನ ಕರೀದಿದ್ರೆ ನಾನು ಏನು ಹೇಳಿ ಏನು?"

ಮಗು ಸೇತುವೆಯನ್ನು ಹೊತ್ತು ತರುವುದನ್ನು ನೆನೆದು ನಕ್ಕಿತು, ನಗುತ್ತಾ ಅತ್ತಿತು. ಆ ಸಂಜೆ ಅಡುಗೆಮನೆಯ ಗಡಿಯಾರ ಪಾಠಕ್ಕೆಂದು ಗೋಡೆಯಿಂದ ಕೆಳಗಿಳಿಯಿತು. ಮೂರು ದಿನದ ನಂತರ ಆಸ್ಪತ್ರೆಯಲ್ಲಿ ಅಜ್ಜಿಯ ಮಂಚದ ಪಕ್ಕ ನಿಂತು ಅಮೂಲ್ಯ, "ಅಜ್ಜಿ, ಈಗ ನಾಲ್ಕೂಮುಕ್ಕಾಲು," ಎಂದಳು. ಅಜ್ಜಿ ನಿಧಾನವಾಗಿ, ಒಂದೊಂದೇ ಪದ ಹುಡುಕಿ, "ಹೊತ್ತಾಯ್ತು. ಮನೆಗೆ ಹೋಗಿ ಹಾಲು ಕುಡಿ," ಎಂದರಂತೆ.

ಒಬ್ಬಳಿಂದ ಶುರುವಾದ ಪಾಠಕ್ಕೆ ಈಗ ಹನ್ನೊಂದು ಮಕ್ಕಳು. ಶನಿವಾರ ನಾಲ್ಕರಿಂದ ಐದರವರೆಗೆ, ಸಮುಚ್ಚಯದ ಸಭಾಕೊಠಡಿಯಲ್ಲಿ. ಕೊಠಡಿ ಕೊಡಿಸಿದ್ದು ಮೊರಿತಾ-ಸಾನ್. ಪ್ರತಿ ತಿಂಗಳು ಅರ್ಜಿ ತುಂಬಿ, ಬೀಗದ ಕೈ ತಂದು, ಕೊನೆಯ ಸಾಲಿನಲ್ಲಿ ತಾವೂ ವಿದ್ಯಾರ್ಥಿಯಾಗಿ ಕೂರುತ್ತಾರೆ. ನಾನು ಹೋದ ಶನಿವಾರ ಮಕ್ಕಳು ಕಾಗದದ ತಟ್ಟೆಯ ಗಡಿಯಾರಗಳ ಮುಳ್ಳು ತಿರುಗಿಸುತ್ತಿದ್ದರು. ನಾನು ಮಗುವಾಗಿದ್ದಾಗ ಯೋಚಿಸದ ಪ್ರಶ್ನೆಗಳನ್ನು ಇವರು ಕೇಳುತ್ತಾರೆ. ಎರಡೂವರೆ, ಮೂರೂವರೆ ಇರುವಾಗ ಬರೀ ಅರ್ಧವನ್ನು 'ವರೆ' ಎಂದು ಯಾಕೆ ಕರೆಯುವುದಿಲ್ಲ? ಐದಕ್ಕೆ ಹತ್ತು ನಿಮಿಷ 'ಇದೆ' ಅಂದರೆ ಆ ಹತ್ತು ನಿಮಿಷ ಯಾರ ಹತ್ತಿರ ಇದೆ? ಅಮ್ಮ ಫೋನಿನಲ್ಲಿ "ಐದು ನಿಮಿಷದಲ್ಲಿ ಬಂದೆ" ಎಂದಾಗ ಇನ್ನೂ ಬಂದೇ ಇಲ್ಲವಲ್ಲ, 'ಬಂದೆ' ಯಾಕೆ? ಕೊನೆಯದಕ್ಕೆ ಅಲ್ಲಿದ್ದ ತಾಯಂದಿರೆಲ್ಲ ನಕ್ಕರು. ಏಳು ಗಂಟೆ ನಲವತ್ತೆರಡು ನಿಮಿಷದ ರೈಲು ನಲವತ್ತೆರಡಕ್ಕೇ ಹೊರಡುವ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ನಮ್ಮ ಐದು ನಿಮಿಷ ನಿಜಕ್ಕೂ ಒಗಟು.

ಸತ್ಯಭಾಮಾ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಇಪ್ಪತ್ಮೂರು ಪ್ರಶ್ನೆಗಳಾಗಿವೆ. "ಮೈಸೂರಲ್ಲಿ ಪಾಠ ಮಾಡುವಾಗ ನನಗೆ ಎಲ್ಲಾ ಗೊತ್ತಿತ್ತು," ಎನ್ನುತ್ತಾರೆ. "ಕೇಳೋರೇ ಇರ್ಲಿಲ್ಲವಲ್ಲ, ಅದಕ್ಕೆ."

ಮಕ್ಕಳ ಕೈಯಲ್ಲಿರುವ ಅಭ್ಯಾಸದ ಹಾಳೆಯ ಹಿಂದೆಯೂ ಒಂದು ಸಂಗತಿಯಿದೆ. ಮೊರಿತಾ-ಸಾನ್ ಅವರ ಮಗಳು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾರೆ. ಅಲ್ಲಿ ಒನೈಡಾ ಎಂಬ ಮೂಲನಿವಾಸಿಗಳ ಸಮುದಾಯವಿದೆ; ಅವರ ಭಾಷೆಯನ್ನು ಹುಟ್ಟಿನಿಂದ ಆಡಿದವರು ಬಹಳ ಕಡಿಮೆ ಉಳಿದಿದ್ದಾರೆ, ಈಗ ಮಕ್ಕಳಿಗೂ ದೊಡ್ಡವರಿಗೂ ಮತ್ತೆ ಕಲಿಸುತ್ತಿದ್ದಾರೆ. ಆ ಭಾಷೆಯಲ್ಲಿ ಗಂಟೆ ಹೇಳುವ ಒಂದು ಪಾಠದ ಪುಟವನ್ನು ಮಗಳು ತಾಯಿಗೆ ಕಳಿಸಿದ್ದರು. ಸಾಲಾಗಿ ಗಡಿಯಾರದ ಮುಖಗಳು, ಪ್ರತಿಯೊಂದರ ಕೆಳಗೂ ಬರೆಯಲು ಗೆರೆ. ಮೊರಿತಾ-ಸಾನ್ ಅದನ್ನು ತಂದು ತೋರಿಸಿ, ನೀವೂ ಹೀಗೇ ಮಾಡಿ ಎಂದರು.

"ಒನೈಡಾದಲ್ಲಿ ಗಂಟೆ ಎಷ್ಟು ಅನ್ನೋ ಮಾತಿನೊಳಗೆ ಲೋಹ ಅನ್ನೋ ಪದ ಇದೆಯಂತೆ," ಎಂದು ಮೊರಿತಾ-ಸಾನ್ ಜಪಾನಿಯಲ್ಲಿ ಹೇಳಿದ್ದನ್ನು ಸತ್ಯಭಾಮಾ ನನಗೆ ಕನ್ನಡದಲ್ಲಿ ತಿಳಿಸುತ್ತಾರೆ. "ಲೋಹ ಎಷ್ಟು ಸಲ ಬಡೀತು ಅಂತ ಕೇಳೋ ಥರ. ಕೇಳಿ ನನಗೆ ಮೈ ಜುಂ ಅಂತು. ನಮ್ಮದೂ ಅದೇ ಅಲ್ವಾ? ಗಂಟೆ ಅಂದ್ರೇನು, ದೇವಸ್ಥಾನದಲ್ಲಿ ಹೊಡೆಯೋದು ತಾನೆ? ಮೂರು ಗಂಟೆ ಹೊಡೀತು ಅಂತೀವಿ. ಎಲ್ಲಿಯ ಒನೈಡಾ, ಎಲ್ಲಿಯ ಹುಣಸೂರು!"

ಅಂದು ಪಾಠ ಮುಗ್ಗರಿಸಿದ್ದು ಈ ವಿಷಯದಲ್ಲೇ. ಅಮೂಲ್ಯ ಎದ್ದು ನಿಂತು, ಜಪಾನಿ ಇಂಗ್ಲಿಷ್ ಕನ್ನಡ ಕಲಸಿ, "ಆಂಟಿ, ಫೋನ್ ಗಡಿಯಾರ ಹೊಡೆಯಲ್ಲ. ಸೌಂಡ್ ಇಲ್ಲ. ಹಾಗಾದ್ರೆ ಅದು ಗಂಟೆನಾ?" ಎಂದಳು. ಸತ್ಯಭಾಮಾ ನೋಟ್‌ಬುಕ್ ತೆರೆದು ಇಪ್ಪತ್ನಾಲ್ಕು ಎಂದು ಬರೆದರು. ಐದಾಯಿತು. ಹೊರಗೆ ಧ್ವನಿವರ್ಧಕದಲ್ಲಿ ಮಕ್ಕಳು ಮನೆಗೆ ಮರಳಬೇಕು ಎಂದು ಸೂಚಿಸುವ ಸಂಗೀತ ಶುರುವಾಯಿತು. ಹನ್ನೊಂದೂ ಮಕ್ಕಳು ಶೂ ಹುಡುಕಿಕೊಂಡು ಓಡಿದರು.

ಅವರು ಹೋದ ಮೇಲೆ ಸತ್ಯಭಾಮಾ ಕೊಠಡಿಯ ಮೇಜು ಒರೆಸುತ್ತಾರೆ. ಇಲ್ಲೂ ಒಂದು ಬಟ್ಟೆ ತಂದಿದ್ದಾರೆ. ಆಸ್ಪತ್ರೆಯ ವಿದೇಶೀಯರ ಸಹಾಯ ವಿಭಾಗದವರು ಈಗ ಕನ್ನಡ ರೋಗಿ ಬಂದರೆ ಇವರನ್ನು ಕರೆಯುತ್ತಾರೆ. ಏಳು ತಿಂಗಳಲ್ಲಿ ನಾಲ್ಕು ಸಲ ಕರೆದಿದ್ದಾರೆ. ಪೂರ್ಣಾವಧಿ ದುಭಾಷಿಯಾಗುವ ಆಸೆ ಇಲ್ಲವೇ ಎಂದು ಕೇಳಿದೆ.

"ಅಷ್ಟು ಜಪಾನೀಸ್ ನನಗೆ ಬರಲ್ಲ. ಕನ್ನಡದೋರು ದಿನಾ ಬರೋದೂ ಇಲ್ಲ. ನೆಲ ದಿನಾ ಗಲೀಜಾಗುತ್ತೆ," ಎಂದು ನಗುತ್ತಾರೆ. ಆಮೇಲೆ ಬಟ್ಟೆ ಮಡಿಸಿ ಮೇಜಿನ ಮೇಲಿಟ್ಟು ಹೇಳುತ್ತಾರೆ: "ಒಂದು ಕೇಳಿದೀನಿ ಅವರನ್ನ. ನನ್ನ ಅಂಗಿ ಮೇಲಿನ ಬ್ಯಾಡ್ಜಲ್ಲಿ ಹೆಸರು ಜಪಾನೀಸಲ್ಲಿ ಮಾತ್ರ ಇದೆ. ಕೆಳಗೆ ಕನ್ನಡದಲ್ಲೂ ಬರೆದುಕೊಳ್ಳಲಾ ಅಂತ. ಫಾರಂನಲ್ಲಿ ಅದಕ್ಕೆ ಜಾಗ ಇಲ್ವಂತೆ, ಮೇಲಿನೋರನ್ನ ಕೇಳ್ಬೇಕಂತೆ. ಎರಡು ತಿಂಗಳಾಯ್ತು. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಸ್ಟ್ರೆಚರ್ ಮೇಲೆ ಮಲಗಿರೋ ಯಾರಾದ್ರೂ ಅಜ್ಜಿ ಅದನ್ನ ಓದಿ, ಸತ್ಯಭಾಮಾ, ಇಲ್ಲಿ ಬಾ ತಾಯಿ ಅಂತ ಕೂಗಿದ್ರೆ ಸಾಕು. ಬಕೆಟ್ ಅಲ್ಲೇ ಇಟ್ಟು ಬರ್ತೀನಿ."